ಹನೂರಿನ ಕಂಬಿ, ಸಹನಾಳ ಅಂಗೈ

ಕಳೆದ ತಿಂಗಳು ಹನೂರಿಗೆ ಹೋಗಿದ್ದೆ. ಹಿಂದೆ ನನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರೊಬ್ಬರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಾಗ ಕಾಲು ತಾನಾಗಿ ನಾವು ಬಾಡಿಗೆಗಿದ್ದ ಮನೆಯ ಬೀದಿಗೆ ತಿರುಗಿತು. ಹಿತ್ತಲಿನ ಬೇಲಿಯಾಚೆ ನನ್ನ ಗಂಡ ನೆಟ್ಟಿದ್ದ ಎರಡು ಕಬ್ಬಿಣದ ಕಂಬಗಳು ಇನ್ನೂ ನಿಂತಿದ್ದವು. ನಡುವಿನ ಪೈಪಿನ ಮೇಲೆ ಯಾರೋ ರಗ್ಗು ಒಣಹಾಕಿದ್ದರು, ಪಕ್ಕದಲ್ಲಿ ಪುಟ್ಟ ಮಗುವಿನ ಎರಡು ಚಡ್ಡಿ. ಒಳ್ಳೆಯದೇ ಆಯಿತು ಅನ್ನಿಸಿತು. ಆ ಪೈಪು ಕೊನೆಗೂ ಯಾರ ಚರ್ಮವನ್ನೂ ಸುಲಿಯದ ಕೆಲಸಕ್ಕೆ ಬಂದಿತ್ತು.

ನಾನು ನರ್ಸ್. ಮೈಸೂರಿನಿಂದ ಹನೂರಿಗೆ ನನಗೆ ವರ್ಗವಾದದ್ದು ಒಂದು ಜೂನ್ ತಿಂಗಳಲ್ಲಿ. ನನ್ನ ಗಂಡ ಮಹದೇವಸ್ವಾಮಿ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವರೂ ಪ್ರಯತ್ನಪಟ್ಟು ಕೊಳ್ಳೇಗಾಲಕ್ಕೆ ಹಾಕಿಸಿಕೊಂಡರು. ಯಳಂದೂರಿನ ಹತ್ತಿರದ ಹೊನ್ನೂರು ಅವರ ಊರು. ತಾಯಿಯ ಹತ್ತಿರ ಬಂದೆನೆಂದು ಅವರಿಗೆ ಸಂತೋಷ, ದೊಡ್ಡಾಸ್ಪತ್ರೆಯ ಗಲಾಟೆ ತಪ್ಪಿತೆಂದು ನನಗೆ ಸಂತೋಷ. ಸಂತೋಷವಿಲ್ಲದವಳು ನಮ್ಮ ಮಗಳು ಸಹನಾ ಒಬ್ಬಳೇ. ಆರನೇ ತರಗತಿ. ಮೈಸೂರಿನಲ್ಲಿ ಮೂರು ವರ್ಷದಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಳು. ಸಾಮಾನು ಕಟ್ಟುವಾಗ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ನನಗೆ ಕಂಬಿ ಎಲ್ಲಿದೆ?"

ಅವಳ ಕೋಚ್ ಮೇಡಂ ಒಂದು ದಾರಿ ಹೇಳಿದರು. ಶನಿವಾರ, ಭಾನುವಾರ ಮೈಸೂರಿಗೆ ಬರುವುದು, ಉಳಿದ ದಿನ ಮನೆಯಲ್ಲೇ ಅಭ್ಯಾಸ ಬಿಡದಿರುವುದು. ಡಿಸೆಂಬರಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಸಹನಾಳ ಬಲವಿದ್ದದ್ದು ಕಂಬಿಯಲ್ಲೇ. ಅದನ್ನು ಹಿಡಿದು ತೂಗಿ, ಕಾಲನ್ನು ಆಕಾಶಕ್ಕೆ ಚಾಚಿ ಪೂರ್ತಿ ಚಕ್ರ ಸುತ್ತುವುದನ್ನು ಆಗತಾನೇ ಕಲಿತಿದ್ದಳು.

ಹಾಗಾಗಿ ಹನೂರಿನ ಹಿತ್ತಲಿನಲ್ಲಿ ಕಂಬಿ ಎದ್ದಿತು. ನನ್ನ ಗಂಡ ವೆಲ್ಡಿಂಗ್ ಅಂಗಡಿಯಲ್ಲಿ ಕಂಬ ಮಾಡಿಸಿ, ನೀರಿನ ಪೈಪನ್ನು ಅಡ್ಡಕ್ಕೆ ಕೂರಿಸಿ, ಕೆಳಗೆ ಹುಲ್ಲು ಹರಡಿ ಅದರ ಮೇಲೆ ಹಳೆಯ ಹತ್ತಿ ಹಾಸಿಗೆ ಹಾಕಿದರು. ಸಹನಾ ಹಿಡಿದು ನೋಡಿ ಮುಖ ಕಿವಿಚಿದಳು.

"ಒರಟಪ್ಪಾ ಇದು. ಮೈಸೂರಿಂದು ಹೀಗಿಲ್ಲ."

"ಇರು ಮಗ, ಮೆತ್ತಗ್ ಮಾಡ್ಕೊಡ್ತೀನಿ" ಎಂದು ಅವರು ಸೈಕಲ್ ಟ್ಯೂಬ್ ತಂದು, ಪೈಪಿಗೆ ಬಿಗಿಯಾಗಿ ಸುತ್ತಿದರು. ನೋಡಲು ಚೆನ್ನಾಗಿತ್ತು. ನಾನೂ ಮೆಚ್ಚಿಕೊಂಡೆ.

ಮಾರನೆಯ ದಿನ ನಾನು ಆಸ್ಪತ್ರೆಯಲ್ಲಿ ಹೂಗ್ಯಂನಿಂದ ಬಂದಿದ್ದ ಒಂದು ಮಗುವಿಗೆ ಚುಚ್ಚುಮದ್ದು ಕೊಡುತ್ತಿದ್ದೆ. ಬಾಗಿಲಲ್ಲಿ ಸಹನಾ ನಿಂತಿದ್ದಳು, ಕೈ ಬೆನ್ನ ಹಿಂದೆ.

"ಅಮ್ಮ, ಬೈಬೇಡ. ರಿಪ್ ಆಯ್ತು."

ಕೈ ಮುಂದೆ ತಂದಳು. ನಡುವಿನ ಎರಡು ಬೆರಳುಗಳ ಬುಡದಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಪದರವಾಗಿ ಸುಲಿದು ನೇತಾಡುತ್ತಿತ್ತು. ಕೆಳಗೆ ಹಸಿ ಮಾಂಸ. ರಬ್ಬರು ಮಾಡಿದ ಕೆಲಸ ಅದು. ಕಂಬಿಯ ಮೇಲೆ ಅಂಗೈ ಸ್ವಲ್ಪ ಜಾರಬೇಕು. ರಬ್ಬರು ಜಾರಲು ಬಿಡದೆ ಚರ್ಮವನ್ನು ಕಚ್ಚಿ ಹಿಡಿದಿತ್ತು, ಮೈ ಮಾತ್ರ ಸುತ್ತು ಹಾಕಿತ್ತು. ನಾನು ಸೋಪಿನಲ್ಲಿ ತೊಳೆದು, ಸತ್ತ ಚರ್ಮವನ್ನು ಕತ್ತರಿಸಿ, ಮುಲಾಮು ಹಚ್ಚಿ ಕಟ್ಟಿದೆ. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು, ಒಂದು ಹನಿ ಅಳಲಿಲ್ಲ. ಅಷ್ಟಾದ ಮೇಲೆ ಅವಳು ಕೇಳಿದ್ದು ನನ್ನನ್ನು ಉರಿಸಿಬಿಟ್ಟಿತು.

"ಕಟ್ಟೋ ಮುಂಚೆ ಒಂದು ಫೋಟೊ ತೆಗೀಬೇಕಿತ್ತಮ್ಮ. ಮೈಸೂರಲ್ಲಿ ಎಲ್ಲರೂ ತೋರಿಸ್ತಾರೆ. ನನ್ನದೇ ದೊಡ್ಡದು ಈಗ."

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಆ ವರ್ಷದ ಜಗಳ. ಅವಳಿಗೆ ಸುಲಿದ ಕೈ ಎಂದರೆ ಬಿರುದು. ನನಗೆ ಅದು ಗಾಯ, ಬರೀ ಗಾಯ.

ಟ್ಯೂಬ್ ಕಿತ್ತು ಹಾಕಿಸಿ, ಪೈಪನ್ನು ಉಪ್ಪುಕಾಗದದಿಂದ ಉಜ್ಜಿಸಿದೆ. ಸಂಜೆ ಅಭ್ಯಾಸ ಮುಗಿದ ತಕ್ಷಣ ಅಂಗೈಗೆ ಮೆತ್ತಿದ ಬಿಳಿ ಪುಡಿಯನ್ನು ತೊಳೆಯಬೇಕು. ಬೆವರಿಗೆ ಕೈ ಜಾರದಿರಲಿ ಎಂದು ಹಚ್ಚುವ ಆ ಪುಡಿ ಹೆಚ್ಚಾದರೆ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ತೊಳೆದ ಮೇಲೆ ವ್ಯಾಸಲೀನ್ ಹಚ್ಚಿ, ಮಲಗುವಾಗ ಕೈಗೆ ಹಳೆಯ ಹತ್ತಿ ಕಾಲುಚೀಲ ಹಾಕಿಕೊಳ್ಳಬೇಕು. ಸ್ನಾನದ ನಂತರ, ಚರ್ಮ ನೆಂದಿರುವಾಗ, ಕಾಲುಜ್ಜುವ ಕಲ್ಲಿನಿಂದ ಜಡ್ಡನ್ನು ಮೆಲ್ಲಗೆ ಉಜ್ಜಿ ಸಮ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂಗೈ ಉರಿಯಲು ಶುರುವಾದ ಕೂಡಲೇ ಇಳಿದುಬಿಡಬೇಕು. ಬೊಬ್ಬೆ ಏಳುವ ಮೊದಲು ಕೈ ಒಂದು ಸಲ ಎಚ್ಚರಿಸುತ್ತದೆ. ಆಗ ಇಳಿದರೆ ನಾಳೆ ಮತ್ತೆ ಹತ್ತಬಹುದು, ಇಳಿಯದಿದ್ದರೆ ವಾರವೇ ಹೋಯಿತು.

ಇಷ್ಟು ಸರಳ. ಆದರೂ ಒಂದನ್ನಾದರೂ ಜಗಳವಿಲ್ಲದೆ ಮಾಡಿಸಲು ಆಗಲಿಲ್ಲ. ಕಾಲುಚೀಲ ಬೆಳಿಗ್ಗೆ ಮಂಚದ ಕೆಳಗೆ ಸಿಗುತ್ತಿತ್ತು. ವ್ಯಾಸಲೀನ್ ಪುಸ್ತಕಕ್ಕೆ ಹತ್ತುತ್ತದೆ ಎಂಬ ದೂರು. ಕಲ್ಲು ತೆಗೆದುಕೊಂಡರಂತೂ ಅಪ್ಪ ಮಗಳು ಒಂದಾಗಿಬಿಡುತ್ತಿದ್ದರು.

"ಅಲ್ಲ ಗೌರಿ, ಕೂಸು ಕಷ್ಟಪಟ್ಟು ಜಡ್ಡು ಕಟ್ಟುಸ್ಕಂಡದ. ನೀ ಅದ ಉಜ್ಜಿ ಉಜ್ಜಿ ತಗೀತಿದ್ದಯಲ್ಲ. ಕೆಲ್ಸಗಾರನ್ ಕೈಲಿರ ಜಡ್ಡ ಯಾರಾರೂ ತಗುದಾರಾ?"

"ಪೂರ್ತಿ ತೆಗೀತಿಲ್ಲ ಕಣ್ರಿ. ಉಬ್ಬಿರೋದನ್ನ ಮಾತ್ರ ಸಮ ಮಾಡ್ತಿದೀನಿ. ಉಬ್ಬಿದ ಜಡ್ಡು ಕಂಬಿಗೂ ಮೂಳೆಗೂ ನಡುವೆ ಸಿಕ್ಕಿಕೊಂಡ್ರೆ ಬುಡಸಮೇತ ಕಿತ್ತು ಬರುತ್ತೆ."

"ನನ್ ಕೈಲಿ ಅದಲ್ಲ, ಯಾವತ್ತಾರ ಕಿತ್ಕ ಬಂದುದ್ದದಾ?"

"ನೀವು ಕಂಬ ಹತ್ತೋರು. ಕಂಬದ ಸುತ್ತ ಚಕ್ರ ಹೊಡೆಯೋರಲ್ಲ."

ಸಹನಾ ಕಿಸಕ್ಕನೆ ನಕ್ಕಳು, ಆದರೆ ಕೈಯನ್ನು ನನ್ನಿಂದ ಎಳೆದುಕೊಂಡಳು. ಸಹನೆ ಎಂಬುದು ನಮ್ಮ ಮನೆಯಲ್ಲಿ ಅವಳ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಹನೂರಿನ ಹವಾಮಾನವನ್ನು ನಾನು ತಿಳಿದುಕೊಂಡದ್ದು ಆ ಅಂಗೈಯಿಂದ. ಆಷಾಢದಲ್ಲಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ಬಟ್ಟೆಯ ಮೇಲೆ, ಅನ್ನದ ಮೇಲೆ ಧೂಳು ಸುರಿಯುತ್ತಿತ್ತು. ಆಗ ಅವಳ ಕೈ ಒಣಗಿ, ಬೆರಳಿನ ಗೆರೆಗಳಲ್ಲಿ ಕೂದಲೆಳೆಯಂಥ ಸೀಳುಗಳು ಬಂದವು. ದಸರಾ ಹೊತ್ತಿಗೆ ಮಳೆ ಹಿಡಿಯಿತು. ಆಚೀಚೆಯ ಹೊಲದವರೆಲ್ಲ ಮುಖ ಅರಳಿಸಿಕೊಂಡಿದ್ದಾಗ ನಾನೊಬ್ಬಳು ಮೋಡ ನೋಡಿ ಗೊಣಗುತ್ತಿದ್ದೆ, ಏಕೆಂದರೆ ತೇವಕ್ಕೆ ಚರ್ಮ ಮೆತ್ತಗಾಗಿ ಒತ್ತಿದರೆ ಸರಿಯುತ್ತಿತ್ತು. ಮಳೆ ನಿಂತ ಅರ್ಧ ಗಂಟೆಗೆ ಇವಳು ಟವೆಲ್ಲಿನಲ್ಲಿ ಪೈಪು ಒರೆಸಿ ಹತ್ತಿಬಿಡುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ನಾನು ಕೂಗುವುದು, "ಇನ್ನೊಂದೇ ಸಲ ಅಮ್ಮ" ಎಂದು ಅವಳು ತಲೆಕೆಳಗಾಗಿಯೇ ಉತ್ತರ ಕೊಡುವುದು. ಆ ಇನ್ನೊಂದೇ ಸಲದಲ್ಲೇ ಯಾವಾಗಲೂ ಕೈ ಹೋಗುತ್ತಿದ್ದದ್ದು.

ಗ್ರಿಪ್ ಎಂಬುದೊಂದು ಇದೆ. ಅಂಗೈ ಮುಚ್ಚುವ ಚರ್ಮದ ಪಟ್ಟಿ. ಮೇಲೆ ಬೆರಳು ತೂರಿಸಲು ಎರಡು ತೂತು, ಕೆಳಗೆ ಮಣಿಕಟ್ಟಿಗೆ ಬೆಲ್ಟು. ಅದು ಬಂದರೆ ನಮ್ಮ ಕಷ್ಟ ತೀರುತ್ತದೆಂದು ನಂಬಿ ತರಿಸಿದೆ. ಬಂದದ್ದು ದೊಡ್ಡವರ ಅಳತೆ. ಸಹನಾಳ ಪುಟ್ಟ ಕೈಯಲ್ಲಿ ಚರ್ಮ ಮಡಚಿಕೊಂಡು ನಿಂತಿತು. ಬದಲಾಯಿಸಿ ತರಿಸಿದ್ದೂ ಹಾಗೆಯೇ. ಮೈಸೂರಿಗೆ ಒಯ್ದು ತೋರಿಸಿದಾಗ ಕೋಚ್ ಮೇಡಂ ಅದನ್ನು ಕಿತ್ತಿಟ್ಟುಕೊಂಡರು.

"ಇದನ್ನ ಹಾಕಿಸಲೇಬೇಡಿ. ಈ ಮಡಿಕೆ ಕಂಬಿಗೆ ಸಿಕ್ಕಿಕೊಂಡರೆ ಕೈ ಅಲ್ಲೇ ನಿಲ್ಲುತ್ತೆ, ಮೈ ಮಾತ್ರ ಸುತ್ತುತ್ತೆ. ಮಣಿಕಟ್ಟು ಮುರಿಯುತ್ತೆ."

"ಹಾಗಾದರೆ ಅಳತೆ ತೆಗೆದು ಸರಿಯಾದ್ದು ಹೇಳಿ ಮೇಡಂ."

"ಹೇಳ್ತೀನಿ. ಆದರೆ ಹೊಸ ಗ್ರಿಪ್ಪಿಗೆ ಕೈ ಹೊಂದಿಕೊಳ್ಳೋಕೆ ಒಂದೆರಡು ತಿಂಗಳಾದರೂ ಬೇಕು. ಆಯ್ಕೆ ಮುಗಿಯೋವರೆಗೂ ಬರಿಗೈಲೇ ಮಾಡಲಿ, ಟೇಪ್ ಸುತ್ತಿಕೊಂಡು."

ಅದನ್ನು ಜೂನಿನಲ್ಲೇ ಹೇಳಿದ್ದರೆ ಎಂದು ನಾನು ಕೊಳ್ಳೇಗಾಲದವರೆಗೂ ಬಸ್ಸಿನಲ್ಲಿ ಹಲ್ಲು ಕಡಿದೆ. ಪಕ್ಕದಲ್ಲಿ ಸಹನಾ ಸೀಟಿನ ಕಂಬಿ ಹಿಡಿದು ಬೆರಳು ಬಿಗಿಮಾಡಿ ಅಭ್ಯಾಸ ಮಾಡುತ್ತಿದ್ದಳು.

ನವೆಂಬರ್ ಕೊನೆಯಲ್ಲಿ ಎಡಗೈ ಮತ್ತೆ ಸುಲಿಯಿತು, ಈ ಸಲ ಆಳವಾಗಿ. ಆಯ್ಕೆಗೆ ಎರಡು ವಾರವೂ ಇರಲಿಲ್ಲ. ಒಂದು ವಾರ ಪೂರ್ತಿ ಬಿಟ್ಟರೆ ಹೊಸ ಚರ್ಮ ಬರುತ್ತದೆಂದು ನನಗೆ ಗೊತ್ತಿತ್ತು. ಹನೂರಿನಲ್ಲಿದ್ದರೆ ಕಂಬಿ ಕಣ್ಣೆದುರಿಗೇ ಇರುತ್ತದೆ. ಆದ್ದರಿಂದ ಶಾಲೆಗೆ ರಜೆ ಹೇಳಿ ಅವಳನ್ನು ಹೊನ್ನೂರಿಗೆ ಕರೆದೊಯ್ದೆ. ಅಲ್ಲಿ ಭತ್ತದ ಗದ್ದೆ, ಕಬ್ಬು, ತೆಂಗು, ಅಜ್ಜಿಯ ಮುದ್ದು. ಕಂಬಿಯೊಂದಿಲ್ಲ.

"ಕೈಗೆ ನೀರು ಸೋಕಿಸಬೇಡಿ ಅತ್ತೆ. ಕಟ್ಟು ಬಿಚ್ಚಬೇಡಿ. ಏನನ್ನೂ ಹಿಡಿದು ಜೋತಾಡೋಕೆ ಬಿಡಬೇಡಿ" ಎಂದು ಮೂರು ಸಲ ಹೇಳಿದೆ.

"ಆಯ್ತು ಕನವ್ವ, ನಾನೇನ್ ಸಣ್ ಮಗುವಾ? ನೀ ಓಗು" ಎಂದರು ಅತ್ತೆ ಮಾದಮ್ಮ.

ವಾರದ ಕೊನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ತಡೆದು ಕಾಫಿ ಕೊಟ್ಟರು. ಕುಡಿದ ಮೇಲೆ ಎಳನೀರು ಕೊಟ್ಟರು. ನನಗೆ ಅನುಮಾನ ಬಂತು. ಸಹನಾ ಎಲ್ಲಿ ಎಂದರೆ ಇಲ್ಲೇ ಎಲ್ಲೋ ಎಂದರು. ಕೊಟ್ಟಿಗೆಯ ಹಿಂದೆ ಕೂತಿದ್ದಳು, ಎಡಗೈ ಲಂಗದ ಮಡಿಲಲ್ಲಿ. ನನ್ನ ಕಟ್ಟಿನ ಬದಲು ಹಳೆಯ ಸೀರೆಯ ಚೂರು ಸುತ್ತಿತ್ತು, ಅರಿಶಿನ ಬಟ್ಟೆಯ ಹೊರಗೂ ಒಸರಿತ್ತು. ತಲೆಯೆತ್ತಿದರೆ ಕೊಟ್ಟಿಗೆಯ ಎರಡು ಕಂಬದ ನಡುವೆ ಅಡ್ಡ ಕಬ್ಬಿಣದ ಪೈಪು. ಅದಕ್ಕೆ ಅಚ್ಚುಕಟ್ಟಾಗಿ ಗೋಣಿಚೀಲ ಸುತ್ತಿ ಹುರಿಯಲ್ಲಿ ಬಿಗಿದಿದ್ದರು.

ಬಟ್ಟೆ ಬಿಚ್ಚಿದೆ. ಅಂಗೈ ಊದಿತ್ತು. ಗಾಯದ ಸುತ್ತ ಕೀವು, ಕೆಂಪು ಗೆರೆಯೊಂದು ಮಣಿಕಟ್ಟು ದಾಟಿತ್ತು. ಹಣೆ ಮುಟ್ಟಿದರೆ ಬಿಸಿ.

"ಗೋಣಿ ಸುತ್ತಿದ್ದು ಯಾರು?"

ಹಿಂದಿನಿಂದ ಅತ್ತೆ ಹೇಳಿದರು.

"ನಾನೇ ಕನ. ಕೂಸು ಊಟನೂ ಮಾಡ್ದೆ ಸುಮ್ಕ ಕುಂತ್ಕಂಡು ಅಳ್ತಿತ್ತು. ನಾ ಹೆಂಗ್ ನೋಡ್ಕಂಡಿರ್ಲಿ? ಕೈಗ ಒತ್ಬಾರ್ದು ಅಂತ ಗೋಣಿ ಸುತ್ಕೊಟ್ಟಿ. ಆಮೇಕ ಅರಿಶ್ನ ಹಚ್ದಿ. ನಾವು ಕಬ್ಬು ಕಡುದು ಕೈಯೆಲ್ಲ ಬೊಬ್ಬ ಬಂದು ಒಡುದ್ರೂ ಗದ್ದಗ ಓಗದ ಬುಟ್ಟುದ್ದವಾ?"

ನನ್ನ ದನಿ ನನಗೇ ಕೇಳದಷ್ಟು ಏರಿತ್ತು. "ನೀವು ಬಿಡೋ ಹಾಗಿರಲಿಲ್ಲ ಅತ್ತೆ. ಬಿಟ್ಟರೆ ಒಲೆ ಉರೀತಿರಲಿಲ್ಲ. ಇವಳು ಬಿಡಬಹುದು. ಬಿಟ್ಟರೆ ಏನೂ ಹೋಗಲ್ಲ. ಅದಕ್ಕೇ ತಾನೆ ನಾವಿಬ್ಬರೂ ದುಡೀತಿರೋದು?"

ಅವರು ನನ್ನನ್ನು ನೋಡಿದರು, ಆಮೇಲೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಬೆರಳುಗಳು ಪೂರ್ತಿ ಚಾಚಿಕೊಳ್ಳದ ಕೈ ಅವು.

"ಅದೂ ದಿಟವೇ. ನಮ್ ಕೈಯ ಯಾರೂ ಹಿಂಗ್ ಹಿಡ್ಕಂಡು ನೋಡ್ನಿಲ್ಲ ಬುಡು" ಎಂದು ಒಳಗೆ ಹೋದರು.

ನಾನು ಸಹನಾಳನ್ನು ಎಬ್ಬಿಸಿಕೊಂಡು ಹೊರಟೆ. ಆಟೊ ಹಿಡಿದು ಯಳಂದೂರಿಗೆ, ಅಲ್ಲಿಂದ ಕೊಳ್ಳೇಗಾಲದ ಡಾಕ್ಟರ ಹತ್ತಿರ. ಕೀವು ತೆಗೆಯುವಾಗ ಸಹನಾ ಮೊದಲ ಸಲ ಕಿರುಚಿದಳು. ಜ್ವರ ಇಳಿಯಿತು, ಕೆಂಪು ಗೆರೆ ಹಿಂದೆ ಸರಿಯಿತು. ಆದರೆ ಅಂಗೈಯ ನಡುವೆ ಮುಚ್ಚದ ಒಂದು ಗಾಯ ಉಳಿಯಿತು. ಆಯ್ಕೆಯ ದಿನ ಬಂದುಬಿಟ್ಟಿತು.

ಮೈಸೂರಿಗೆ ಮೂವರೂ ಹೋದೆವು. ಕಂಬಿ ಬಿಟ್ಟು ಉಳಿದ ಮೂರು ಆಟ ಮಾಡಲಿ ಎಂದು ನಾನು ಹೊರಡುವ ಮೊದಲೇ ಹೇಳಿದ್ದೆ. ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ. ಸಭಾಂಗಣದಲ್ಲಿ ಕೋಚ್ ಮೇಡಂ ಕೈ ನೋಡಿ, "ಗಟ್ಟಿಯಾಗಿ ಟೇಪ್ ಹಾಕೋಣ. ಒಂದು ನಿಮಿಷದ ಆಟ ಅಷ್ಟೆ. ಎಲ್ಲರೂ ಹೀಗೇ ಮಾಡೋದು" ಎಂದರು. ಗಂಡ ನನ್ನ ಮುಖ ನೋಡಿದರು. ಸಹನಾ ಆಗಲೇ ಬಲಗೈಯಿಂದ ಟೇಪಿನ ತುದಿ ಹುಡುಕುತ್ತಿದ್ದಳು.

ವಾದ ಮಾಡಿ ಮಾಡಿ ನನಗೆ ಸಾಕಾಗಿತ್ತು. ಟೇಪ್ ಸುತ್ತಿಸಿಕೊಂಡು ಬಾ ಎಂದು ಅವಳನ್ನು ಗೋಡೆಯ ಪಕ್ಕಕ್ಕೆ ಕರೆದೆ. ನನ್ನ ಎರಡೂ ಮಣಿಕಟ್ಟು ಮುಂದೆ ಹಿಡಿದೆ.

"ಇದೇ ಕಂಬಿ ಅಂದುಕೋ. ಹಿಡಿ. ನಾನು ಎಳೀತೀನಿ, ಬಿಡಬೇಡ."

ಹಿಡಿದಳು. ಎಳೆದೆ. ಬಲಗೈ ಬಿಡಲಿಲ್ಲ. ಎಡಗೈ ಒಂದು ಕ್ಷಣ ಬಿಗಿಯಾಗಿತ್ತು, ಆಮೇಲೆ ತಾನೇ ತೆರೆದುಕೊಂಡಿತು. ಅವಳಿಗೇ ಆಶ್ಚರ್ಯವಾಯಿತು.

"ಇನ್ನೊಂದೇ ಸಲ."

ಮತ್ತೆ ಎಳೆದೆ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಹಿಡಿದಳು. ಮತ್ತೆ ಅದೇ ಕೈ ಬಿಟ್ಟಿತು. ಟೇಪಿನ ನಡುವೆ ಕೆಂಪು ಕಂಡಿತು. ನಾನು ಮೂರನೆಯ ಸಲ ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಎತ್ತರದ ಕಂಬಿಯನ್ನು, ಅದರ ಕೆಳಗಿನ ಹಾಸನ್ನು ನೋಡಿದಳು. ಆಮೇಲೆ ತಾನೇ ಕೋಚ್ ಮೇಡಂ ಹತ್ತಿರ ನಡೆದು ಹೋಗಿ ಏನೋ ಹೇಳಿದಳು. ಅವರು ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು.

ಉಳಿದ ಮೂರು ಆಟ ಚೆನ್ನಾಗಿ ಮಾಡಿದಳು. ಕಂಬಿಗೆ ಸೊನ್ನೆ. ಆಯ್ಕೆಯಾಗಲಿಲ್ಲ. ಅವಳಷ್ಟು ಹಗುರವಾಗಿ ಚಕ್ರ ಸುತ್ತಲಾರದ ಹುಡುಗಿಯರು ತಂಡಕ್ಕೆ ಹೋದರು. "ಒಂದು ವರ್ಷ ಹೋಯ್ತು" ಎಂದು ಕೋಚ್ ಮೇಡಂ ಹೇಳಿದ್ದು ನನಗೋ ಅವಳಿಗೋ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಗಂಡ ಮೆಲ್ಲಗೆ, "ಕಳ್ಸಬೌದಿತ್ತೇನೋ ಕನ" ಎಂದಾಗ ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ನಾನು ಹೇಳಿದೆ: "ಕಂಬದ ಮೇಲೆ ಹತ್ತಿದಾಗ ನಿಮ್ಮ ಕೈ ಹೀಗೆ ಬಿಟ್ಟಿದ್ದರೆ, ಕಳಿಸಬಹುದಿತ್ತು ಅಂತ ಯಾರಾದರೂ ಅಂತಿದ್ರಾ?"

ನನಗೆ ಆ ವರ್ಷದಲ್ಲಿ ಅತಿ ಕಷ್ಟವಾದದ್ದು ಅದರ ನಂತರದ ವಾರಗಳು. ಅಂಗೈ ಮಾಗಿತು. ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂತು. ತೊಳೆಯಲು, ಕಟ್ಟಲು, ಗದರಲು ನನಗೇನೂ ಉಳಿದಿರಲಿಲ್ಲ. ಸಹನಾ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅನ್ನ ಸಾಕು. ಬಸ್ಸಿಗೆ ಹೊತ್ತಾಯ್ತು. ಸಂಕ್ರಾಂತಿಗೆ ಹೊನ್ನೂರಿಗೆ ಹೋದಾಗ ಅತ್ತೆ ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಅವಳ ಎಡಗೈ ಬಿಡಿಸಿ ನೋಡಿದರು, ಹೆಬ್ಬೆರಳಿನಿಂದ ಒಮ್ಮೆ ಸವರಿದರು, ನನ್ನ ಕಡೆ ನೋಡಿ ತಲೆಯಾಡಿಸಿದರು. ಕೊಟ್ಟಿಗೆಯ ಪೈಪಿನಲ್ಲಿ ಗೋಣಿ ಇರಲಿಲ್ಲ. ಅವರ ಜೊತೆ ನನ್ನ ಜಗಳ ಅಲ್ಲಿಗೆ ಮುಗಿಯಿತು. ಮಗಳ ಜೊತೆಯದು ಮುಗಿಯಲಿಲ್ಲ.

ಫೆಬ್ರವರಿಯಲ್ಲಿ ಅಳತೆಗೆ ಸರಿಯಾದ ಗ್ರಿಪ್ ಬಂತು. ಅದು ಮೆದುವಾಗಲೆಂದು ಟಿ.ವಿ. ನೋಡುವಾಗಲೂ ಕೈಗೆ ಹಾಕಿಕೊಂಡು ಮಡಚಿ ಬಿಡಿಸಿ ಮಾಡುತ್ತಿದ್ದಳು. ಆಮೇಲೆ ಕಂಬಿಗೆ ಬರಿದೇ ಜೋತಾಡುವುದು, ಆಮೇಲೆ ತೂಗುವುದು. ಮರುವರ್ಷ ಅವಳು ತಂಡಕ್ಕೆ ಆಯ್ಕೆಯಾದಳು, ಅದಾದ ಸ್ವಲ್ಪ ದಿನಕ್ಕೆ ನನಗೆ ಯಳಂದೂರಿಗೆ ವರ್ಗವಾಯಿತು. ಆದರೆ ಹನೂರಿನ ಆ ವರ್ಷ ನನ್ನ ಮಟ್ಟಿಗೆ ಮುಗಿದದ್ದು ಅದಕ್ಕೂ ಬಹಳ ಮೊದಲು, ಬಿಸಿಲು ಏರುತ್ತಿದ್ದ ಮಾರ್ಚಿನ ಒಂದು ಸಂಜೆ.

ನಾನು ಸಾರಿಗೆ ಒಗ್ಗರಣೆ ಇಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಹಿತ್ತಲಿನಲ್ಲಿ ಪಕ್ಕದ ಮನೆಯ ಹುಡುಗಿಯರು ಬೇಲಿಯ ಮೇಲೆ ಗಲ್ಲ ಊರಿ ನೋಡುತ್ತಿದ್ದರು. ಸಹನಾ ತೂಗಿದಳು, ಒಂದು ಚಕ್ರ ಸುತ್ತಿದಳು, ಇನ್ನೊಂದಕ್ಕೆ ಕಾಲು ಬೀಸಿದವಳು ಬೀಸಿದ್ದನ್ನು ಹಾಗೇ ನಿಧಾನಿಸಿ ಹಾಸಿಗೆಯ ಮೇಲೆ ಧುಮುಕಿದಳು. ಗ್ರಿಪ್ ಬಿಚ್ಚಿ ಅಂಗೈಯನ್ನು ಬೆಳಕಿಗೆ ಹಿಡಿದಳು.

"ಯಾಕಮ್ಮಿ ಇಳ್ದೆ? ಇನ್ನೊಂದ್ ಸುತ್ತು ಒಡಿಯೇ" ಎಂದಿತು ಬೇಲಿಯ ಮೇಲಿನ ಒಂದು ಗಲ್ಲ.

"ಉರಿ ಶುರುವಾಯ್ತು ಕಣೇ. ನಾಳೆ ನೋಡೋಣ."

ನಲ್ಲಿಯಲ್ಲಿ ಕೈ ತೊಳೆದಳು. ಒರೆಸಿಕೊಂಡು ಒಳಗೆ ಬಂದು ಕಪಾಟಿನಿಂದ ತಾನೇ ವ್ಯಾಸಲೀನ್ ಡಬ್ಬಿ ತೆಗೆದಳು. ನಾನು ನೋಡುತ್ತಲೇ ಇದ್ದೆ.

"ಏನಮ್ಮ ಹಾಗೆ ನೋಡ್ತೀಯ?"

ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಹೆಚ್ಚುಕಡಿಮೆ ಒಂದು ವರ್ಷ, ಅಷ್ಟು ಕೂಗಾಟ, ಅಷ್ಟು ಕಟ್ಟು, ಕೀವು, ಆ ಸೊನ್ನೆ.

"ಇದನ್ನೇ ಅಲ್ವೇನೇ ನಾನು ಜೂನ್‌ನಿಂದ ಬಡ್ಕೋತಿರೋದು?"

ಸಹನಾ ಅಂಗೈಗೆ ಮೆಲ್ಲಗೆ ಹಚ್ಚಿಕೊಳ್ಳುತ್ತಾ ಸ್ವಲ್ಪ ಯೋಚಿಸಿದಳು. "ನೀನು ಹೇಳ್ತಿದ್ದೆ ಅಮ್ಮ. ಆದರೆ ಕೈ ಹೇಳಿದ್ದು ನನಗೆ ಇವತ್ತೇ ಕೇಳಿಸಿದ್ದು" ಎಂದಳು. ಆಮೇಲೆ ಮೂಗು ಸುಕ್ಕಿಸಿದಳು. "ಅಮ್ಮ, ಏನೋ ಸೀದು ಹೋಗ್ತಿದೆ."

ತಿರುಗಿ ನೋಡಿದರೆ ಬಾಣಲೆಯಲ್ಲಿ ಸಾಸಿವೆ, ಕರಿಬೇವು ಎಲ್ಲ ಇದ್ದಿಲಾಗಿತ್ತು.